ಕ್ಯಾಮೆರಾ, ಕುತ್ತಿಗೆ ಮತ್ತು ಒಂದು ಕೊಕ್ಕೆ

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಯಾವ ಲೆನ್ಸು, ಎಷ್ಟು ಮೆಗಾಪಿಕ್ಸೆಲ್ಲು, ದುಬೈಯಿಂದ ತರಿಸಿದರೆ ಕಡಿಮೆ ಬೀಳುತ್ತಂತೆ ಹೌದಾ, ಇತ್ಯಾದಿ ಇತ್ಯಾದಿ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ "ಇದನ್ನ ಹೊತ್ಕೊಂಡು ಗುಡ್ಡ ಹತ್ತೋದು ಹೇಗೆ ಮಾರಾಯಾ?" ಅಂತ ಕೇಳಿದ್ದು ನೆನಪಿಲ್ಲ. ಪೆಟ್ಟಿಗೆಯೊಳಗೆ ಕಂಪನಿಯವರೇ ಒಂದು ಪಟ್ಟಿ ಇಟ್ಟಿರುತ್ತಾರೆ, ತಮ್ಮ ಹೆಸರನ್ನು ಆದಷ್ಟು ದೊಡ್ಡದಾಗಿ ಬರೆದು. ಅದನ್ನು ಕುತ್ತಿಗೆಗೆ ಹಾಕಿಕೊಂಡರೆ ಮುಗೀತು ಅಂತ ಎಲ್ಲರ ಲೆಕ್ಕ. ಮದುವೆ ಮನೆಗೆ ಆ ಲೆಕ್ಕ ಸರಿ. ಗುಡ್ಡಕ್ಕೆ ಅಲ್ಲ.

ನನ್ನದು ನಿಕಾನ್ ಡಿ750. 2015ರಲ್ಲಿ ತಗೊಂಡದ್ದು, ಜೊತೆಗೆ 24-120 ಲೆನ್ಸು. ಒಮ್ಮೆ ಕುತೂಹಲಕ್ಕೆ ಮನೆ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟೆ. ಹುಡ್ಡು, ಫಿಲ್ಟರು, ಪಟ್ಟಿ ಎಲ್ಲ ಸೇರಿ 1 ಕಿಲೋ 610 ಗ್ರಾಂ. "ಪ್ಯಾಕ್ ಮಾಡ್ಲಾ ಸಾರ್?" ಅಂದ ಅಂಗಡಿಯವನು. ಒಂದೂವರೆ ಕಿಲೋ ಅಂದರೆ ಏನು ಮಹಾ, ಮಾರ್ಕೆಟ್ಟಿನಿಂದ ಬರುವಾಗ ಅದಕ್ಕಿಂತ ಹೆಚ್ಚು ಈರುಳ್ಳಿ ತರುತ್ತೇವೆ. ನಿಜ. ಆದರೆ ಈರುಳ್ಳಿಯನ್ನು ಯಾರೂ ಕುತ್ತಿಗೆಗೆ ಕಟ್ಟಿಕೊಂಡು ಎಂಟು ಗಂಟೆ ನಡೆಯುವುದಿಲ್ಲ. :-)

ಕುತ್ತಿಗೆಗೆ ನೇತುಹಾಕಿದ ಕ್ಯಾಮೆರಾ ಸಮತಟ್ಟು ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಎದೆಗೆ ಬಡಿಯುತ್ತದೆ, ಅದು ಹೇಗೋ ಅಭ್ಯಾಸವಾಗುತ್ತದೆ. ತೊಂದರೆ ಶುರುವಾಗುವುದು ಏರಿನಲ್ಲಿ. ಏರುವಾಗ ನಾವು ಮುಂದಕ್ಕೆ ಬಾಗುತ್ತೇವೆ, ಆಗ ಕ್ಯಾಮೆರಾ ಮೈಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗಾಡಲು ಶುರು. ತೂಗಾಡುವುದನ್ನು ನಿಲ್ಲಿಸಲು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಅಲ್ಲಿಗೆ ಒಂದು ಕೈ ಹೋಯಿತು. ನಮ್ಮ ಪಶ್ಚಿಮ ಘಟ್ಟದ ದಾರಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕಾಲು ಎರಡು ಸಾಲದು, ಕೈಯೂ ಎರಡು ಬೇಕು. ಒಂದು ಬೇರು ಹಿಡಿಯಲಿಕ್ಕೆ, ಇನ್ನೊಂದು ಆ ಬೇರು ಕಿತ್ತು ಬಂದರೆ ಹುಲ್ಲು ಹಿಡಿಯಲಿಕ್ಕೆ!

ಅದೇ ವರ್ಷ ಅಕ್ಟೋಬರಿನಲ್ಲಿ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತಿದೆವು. ನೀರಿನ ಪಕ್ಕದಲ್ಲೇ ಒದ್ದೆ ಬಂಡೆಗಳ ಮೇಲೆ ಏರುವ ದಾರಿ ಅದು. ಕ್ಯಾಮೆರಾವನ್ನು ಪಟ್ಟಿ ಗಿಡ್ಡ ಮಾಡಿ ಎದೆಗೆ ಒತ್ತಿಕೊಂಡಿದ್ದೆ, ಆದರೂ ಒಂದು ಕಡೆ ಎರಡೂ ಕೈ ಊರಿ ಮೇಲೆ ಹತ್ತುವಾಗ ಟಣ್ ಅಂತ ಸದ್ದು. ಫಿಲ್ಟರ್ ಗಾಜು ನಕ್ಷತ್ರದ ಆಕಾರಕ್ಕೆ ಒಡೆದಿತ್ತು. ಪುಣ್ಯಕ್ಕೆ ಲೆನ್ಸಿಗೆ ಏನೂ ಆಗಿರಲಿಲ್ಲ. ಜೊತೆಗಿದ್ದ ಭಾವ "ಇದು ಕ್ಯಾಮೆರಾನೋ ಒಳ್ಳು ಕಲ್ಲೋ ಭಾವಾ? ಇಲ್ಲೇ ಇಟ್ಟು ಹೋಪ, ವಾಪಸ್ ಬರಕಾದ್ರೆ ಇಲ್ಲೇ ಇರ್ತು, ಯಾರೂ ಒಯ್ಯದಿಲ್ಲೆ" ಅಂದ.

ಹಾಗಾದರೆ ಬ್ಯಾಗಿನೊಳಗೆ ಇಡಬಹುದಲ್ಲ ಅಂತೀರಾ? ಅದನ್ನೂ ಒಂದು ವರ್ಷ ಮಾಡಿದೆ. ಕ್ಯಾಮೆರಾಕ್ಕೆ ಸುಖ, ಕುತ್ತಿಗೆಗೂ ಸುಖ. ಫೋಟೋ ಮಾತ್ರ ಇಲ್ಲ. 2016ರಲ್ಲಿ ದಾಂಡೇಲಿ ಹತ್ತಿರ ಕಾಡಿನಲ್ಲಿ ನಡೆಯುತ್ತಿದ್ದಾಗ ತಲೆಯ ಮೇಲೆ ಭುಸ್ ಭುಸ್ ಅಂತ ಉಗಿಬಂಡಿ ಹೋದ ಹಾಗೆ ಸದ್ದಾಯಿತು. ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆಯ ಸದ್ದು ಕೇಳಿದ್ದೀರಲ್ಲ, ಕೇಳಿಲ್ಲದಿದ್ದರೆ ಒಮ್ಮೆ ಕೇಳಬೇಕು. ಎರಡು ಇದ್ದವು, ಮರದ ತುದಿಗಿಂತ ಸ್ವಲ್ಪ ಮೇಲೆ, ಬೆಳಕು ಸರಿಯಾಗಿ ಕೊಕ್ಕಿನ ಮೇಲೆ. ನಾನು ಬ್ಯಾಗು ಇಳಿಸಿ, ಜಿಪ್ಪು ಎಳೆದು, ಮೇಲಿಟ್ಟಿದ್ದ ಚಪಾತಿ ಡಬ್ಬಿ ಪಕ್ಕಕ್ಕಿಟ್ಟು, ಕ್ಯಾಮೆರಾ ತೆಗೆಯುವ ಹೊತ್ತಿಗೆ ಕಾಡು ಪುನಃ ತಣ್ಣಗಾಗಿತ್ತು. ಅವತ್ತಿನ ನನ್ನ ಬಳಿ ಇರುವ ಫೋಟೋ ಅಂದರೆ ಖಾಲಿ ಆಕಾಶದ್ದು. ಬೇಕಿದ್ದರೆ ಕಳಿಸುತ್ತೇನೆ.

ಇದಾದ ಮೇಲೆ ಕುತ್ತಿಗೆ ಪಟ್ಟಿಗೇ ಮರಳಿದೆ. 2017ರ ಮಾರ್ಚ್ ಹೊತ್ತಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯಲು ಶುರುವಾಯಿತು. ಬೆಳಿಗ್ಗೆ ಎದ್ದರೆ ಕಾಫಿ ಲೋಟ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಮೂಳೆ ಡಾಕ್ಟರು ಎಂ.ಆರ್.ಐ. ನೋಡಿ, ಕುತ್ತಿಗೆಯ ಐದನೇ ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕು ನರವನ್ನು ಒತ್ತುತ್ತಿದೆ ಅಂದರು. ಕ್ಯಾಮೆರಾ ಒಂದೇ ಕಾರಣ ಅಂತ ಅವರು ಹೇಳಲಿಲ್ಲ. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವುದು, ಬೈಕು, ಬೆಂಗಳೂರಿನ ರಸ್ತೆ ಎಲ್ಲ ಲೆಕ್ಕಕ್ಕೆ ಬಂತು. ಆದರೆ ತಲೆಯ ಭಾರವೇ ನಾಲ್ಕೂವರೆ ಐದು ಕಿಲೋ ಇರುತ್ತದೆ, ಅದನ್ನು ಹೊರುವುದೇ ಕುತ್ತಿಗೆಗೆ ಸಾಕಷ್ಟು ಕೆಲಸ, ಮೇಲೆ ಇನ್ನೊಂದು ಗಂಟು ಯಾಕೆ ಕಟ್ಟುತ್ತೀರಿ ಅಂದರು. "ಕುತ್ತಿಗೆಗೆ ಏನೂ ನೇತುಹಾಕುವ ಹಾಗಿಲ್ಲ."

"ಆಫೀಸಿನ ಐಡಿ ಕಾರ್ಡ್ ಸಾರ್?" ಅಂತ ಆಸೆಯಿಂದ ಕೇಳಿದೆ. ಅದು ಪರವಾಗಿಲ್ಲವಂತೆ.

ಆರು ತಿಂಗಳು ಕ್ಯಾಮೆರಾ ಕಪಾಟಿನಲ್ಲೇ ಇತ್ತು. ಫಿಸಿಯೋಥೆರಪಿ, ಗೋಡೆಗೆ ತಲೆ ಒತ್ತಿ ನಿಲ್ಲುವುದು, ದಿಂಬು ಬದಲಾಯಿಸುವುದು, ಎಲ್ಲ ಆಯಿತು. ಜೋಮು ನಿಧಾನಕ್ಕೆ ಕಡಿಮೆಯಾಯಿತು. ಕ್ಯಾಮೆರಾ ಇಲ್ಲದೆ ಎರಡು ಸಲ ಚಾರಣಕ್ಕೂ ಹೋಗಿ ಬಂದೆ. "ಕ್ಯಾಮೆರಾ ಇಲ್ಲದಿದ್ದರೆ ಕಣ್ಣು ತುಂಬಾ ನೋಡಬಹುದು" ಅಂತ ಹೇಳುವವರಿದ್ದಾರಲ್ಲ, ಅವರಿಗೆ ನಮಸ್ಕಾರ. ನನ್ನ ವಿಷಯದಲ್ಲಿ ಅದು ಸುಳ್ಳು. ನಾನು ಕಾಡಿನಲ್ಲಿ ನಿಲ್ಲುವುದೇ ಫೋಟೋ ತೆಗೆಯಲಿಕ್ಕೆ. ಒಂದು ಜೇಡನ ಬಲೆ ಎದುರು ಇಪ್ಪತ್ತು ನಿಮಿಷ ಕೂತು ನೋಡುವ ತಾಳ್ಮೆ ಕ್ಯಾಮೆರಾ ಇಲ್ಲದೆ ನನಗೆ ಬರುವುದಿಲ್ಲ. ಬರಿಗೈಯಲ್ಲಿ ಹೋದಾಗ ಸುಮ್ಮನೆ ತುದಿ ಮುಟ್ಟಿ, ಇಳಿದು, ಊಟ ಮಾಡಿ ಬಂದೆ. ಮೊಬೈಲಿನಲ್ಲೇ ತೆಗಿ ಅಂದರು ಮನೆಯಲ್ಲಿ. ತೆಗೆದೆ. ದೂರದ ಹಕ್ಕಿ ಎಲ್ಲ ಸಾಸಿವೆ ಕಾಳು.

ಇಷ್ಟರಲ್ಲಿ ದೀಪಾವಳಿಗೆ ಊರಿಗೆ ಹೋದೆ. ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಆಗಲೇ ಚಿಕ್ಕಪ್ಪನ ತೋಟದಲ್ಲಿ ಕೊನೆ ಕೊಯ್ಯಲು ಶುರುವಾಗಿತ್ತು. ಸಣ್ಣವನಿದ್ದಾಗಿನಿಂದ ನೋಡಿದ ಕೆಲಸವೇ, ಆದರೆ ಕುತ್ತಿಗೆ ನೋವಿನವನ ಕಣ್ಣಿಂದ ನೋಡಿದ್ದು ಅದೇ ಮೊದಲು. ಕೊನೆಗಾರ ಮರ ಹತ್ತುತ್ತಿದ್ದ. ಎರಡೂ ಕೈ ಮರಕ್ಕೆ, ಎರಡೂ ಕಾಲು ಮರಕ್ಕೆ. ಕತ್ತಿ? ಕತ್ತಿ ಅವನ ಬೆನ್ನ ಹಿಂದೆ, ಸೊಂಟಕ್ಕೆ ಬಿಗಿದು ಕಟ್ಟಿದ ಮರದ ಕೊಕ್ಕೆಯಲ್ಲಿ. ಒಂದಿಷ್ಟೂ ಅಲ್ಲಾಡುತ್ತಿಲ್ಲ. ಮೇಲೆ ಹೋಗಿ ಕೂತ ಮೇಲೆ ಹಿಂದೆ ತಿರುಗಿಯೂ ನೋಡದೆ ಕೈ ಹಾಕಿ ತೆಗೆದ, ಕೊನೆ ಕಡಿದ, ಹಾಗೇ ಕೊಕ್ಕೆಗೆ ಸಿಕ್ಕಿಸಿದ. ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವಾಗಲೂ ಕತ್ತಿ ಇದ್ದಲ್ಲೇ ಇತ್ತು.

ಇಳಿದ ಮೇಲೆ ಕೇಳಿದೆ, ಕತ್ತಿ ಯಾವತ್ತೂ ಬಿದ್ದಿಲ್ಲವಾ ಅಂತ. "ಸೊಂಟಕ್ಕೆ ಬಿಗಿಯಾಗಿದ್ರೆ ಬೀಳೂದಿಲ್ರ, ಸಡ್ಲ ಇದ್ರೆ ನಾವೂ ಬೀಳ್ತೀವಿ" ಅಂದ. ನಾನು ಇಂಟರ್ನೆಟ್ಟಿನಲ್ಲಿ ಆರು ತಿಂಗಳಿಂದ ಹುಡುಕುತ್ತಿದ್ದುದು ಅದೇ ವಾಕ್ಯ. ಭಾರ ತೂಗಾಡಬಾರದು, ಮೈಗೆ ಅಂಟಿರಬೇಕು, ನೋಡದೆ ಕೈಗೆ ಸಿಗಬೇಕು, ಮತ್ತೆ ಅದನ್ನು ಹೊರಬೇಕಾದ್ದು ಸೊಂಟ, ಕುತ್ತಿಗೆ ಅಲ್ಲ. ಕೊಡಗಿನವರೂ ಇದನ್ನೇ ಮಾಡಿದ್ದಾರೆ ನೋಡಿ, ಅವರ ಒಡಿಕತ್ತಿ ಸಾಕಷ್ಟು ತೂಕದ್ದು, ಅದನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುವ ಲೋಹದ ಹಿಡಿಕೆಗೆ ತೊಡಂಗ್ ಅನ್ನುತ್ತಾರೆ.

ಭಾರ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ದೊಡ್ಡದು ಅಂತ ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಕೀನ್ಯಾದಲ್ಲಿ ತಲೆಯ ಮೇಲೆ ಹೊರುವ ಲುವೋ ಹೆಂಗಸರನ್ನೂ, ಹಣೆಗೆ ಪಟ್ಟಿ ಕಟ್ಟಿ ಹೊರುವ ಕಿಕುಯು ಹೆಂಗಸರನ್ನೂ ಪರೀಕ್ಷಿಸಿ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ತಮ್ಮ ಮೈತೂಕದ ಶೇಕಡ 20ರಷ್ಟು ಭಾರದವರೆಗೆ ಅವರಿಗೆ ಹೆಚ್ಚಿನ ಶಕ್ತಿಯೇ ಖರ್ಚಾಗುತ್ತಿರಲಿಲ್ಲವಂತೆ! ಹುಟ್ಟಿದಾಗಿನಿಂದ ಬಂದ ಅಭ್ಯಾಸ ಅದು, ನಾವು ನಾಳೆ ಬೆಳಿಗ್ಗೆ ಕ್ಯಾಮೆರಾಕ್ಕೆ ಸಿಂಬಿ ಕಟ್ಟಿ ತಲೆ ಮೇಲಿಟ್ಟುಕೊಂಡರೆ ಆಗುವ ಕೆಲಸವಲ್ಲ. ಮುಖ್ಯವಾಗಿ ನನ್ನ ಡಾಕ್ಟರು ಒಪ್ಪುವುದಿಲ್ಲ.

ಸರಿ, ಬೆಂಗಳೂರಿಗೆ ಬಂದು ಪ್ರಯೋಗ ಶುರು. ಮೊದಲನೆಯದು ಅಗ್ಗದ್ದು. ಬೆನ್ನಿನ ಬ್ಯಾಗಿನ ಎರಡು ಹೆಗಲು ಪಟ್ಟಿಗಳ ಮೇಲೆ, ಎದೆಯ ಎತ್ತರದಲ್ಲಿ, ಒಂದೊಂದು ಬಳೆ ಹೊಲಿಸಿದೆ. ಬ್ಯಾಗ್ ರಿಪೇರಿಯವನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ಕ್ಯಾಮೆರಾದ ಎರಡೂ ಕಿವಿಗಳಿಗೆ ಗಿಡ್ಡ ಪಟ್ಟಿ ಕಟ್ಟಿ, ಆ ಬಳೆಗಳಿಗೆ ಎರಡು ಕ್ಯಾರಬಿನರ್‌ನಿಂದ ಸಿಕ್ಕಿಸಿದರೆ ಆಯಿತು. ಭಾರ ಕುತ್ತಿಗೆ ಬಿಟ್ಟು ಬ್ಯಾಗಿಗೆ ಹೋಗುತ್ತದೆ, ಬ್ಯಾಗಿನ ಸೊಂಟಪಟ್ಟಿ ಬಿಗಿಯಾಗಿದ್ದರೆ ಅಲ್ಲಿಂದ ಸೊಂಟಕ್ಕೆ. ಖರ್ಚು ಮಾಡಲು ಮನಸ್ಸಿಲ್ಲದವರಿಗೆ ನಾನು ಈಗಲೂ ಹೇಳುವುದು ಇದನ್ನೇ. ಒಂದೇ ಕೊರತೆ, ಬಾಗಿದರೆ ಇನ್ನೂ ಸ್ವಲ್ಪ ತೂಗಾಡುತ್ತದೆ.

ಹೆಗಲಿಂದ ಅಡ್ಡಲಾಗಿ ಹಾಕುವ ಸ್ಲಿಂಗ್ ಪಟ್ಟಿ ಒಬ್ಬ ಗೆಳೆಯನದು ತಂದು ನೋಡಿದೆ. ಪೇಟೆಯಲ್ಲಿ, ಜಾತ್ರೆಯಲ್ಲಿ ಅದರಷ್ಟು ಚೆಂದದ್ದು ಇಲ್ಲ. ಕಾಡಿನಲ್ಲಿ ಬ್ಯಾಗಿನ ಪಟ್ಟಿಗೂ ಅದಕ್ಕೂ ಜಗಳ, ಬಾಗಿದರೆ ಕ್ಯಾಮೆರಾ ಸೊಂಟದಿಂದ ಜಾರಿ ಹೊಟ್ಟೆ ಮುಂದೆ ಹಾಜರ್. ಎದೆಗೆ ಕವಚದ ಹಾಗೆ ಕಟ್ಟಿಕೊಳ್ಳುವ ಹಾರ್ನೆಸ್ ಇನ್ನೊಂದು. ಭಾರ ಎರಡೂ ಹೆಗಲಿಗೆ ಸಮ, ಒಂದಿಷ್ಟೂ ಅಲ್ಲಾಡುವುದಿಲ್ಲ, ಏರುವಾಗ ಸ್ವರ್ಗ. ಇಳಿಯುವಾಗ ಮಾತ್ರ ಎದೆಯ ಮೇಲಿನ ಕ್ಯಾಮೆರಾ ಅಡ್ಡ ಬಂದು ನಮ್ಮ ಪಾದ ನಮಗೇ ಕಾಣುವುದಿಲ್ಲ. ಒಂಬತ್ತು ತಿಂಗಳ ಗರ್ಭಿಣಿಯರು ಮೆಟ್ಟಿಲಿಳಿಯುವ ಕಷ್ಟ ಅವತ್ತು ಅರ್ಥವಾಯಿತು. ಸೆಕೆಗಾಲದಲ್ಲಿ ಎದೆಯೆಲ್ಲ ಬೆವರು ಬೇರೆ. ಆದರೆ ನಿಕಾನಿನ 200-500 ತರಹದ ಲೆನ್ಸು, ಅದೊಂದೇ 2,300 ಗ್ರಾಂ, ಅಂಥದ್ದನ್ನು ಒಯ್ಯಲೇಬೇಕು ಅನ್ನುವ ಹಕ್ಕಿ ಹುಚ್ಚಿನವರಿಗೆ ಹಾರ್ನೆಸ್ಸೇ ಗತಿ.

ಕೊನೆಗೆ ನಿಂತದ್ದು ಕ್ಲಿಪ್ಪಿನಲ್ಲಿ. ಪೀಕ್ ಡಿಸೈನ್ ಅನ್ನುವ ಅಮೆರಿಕದ ಕಂಪನಿ 2011ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಒಟ್ಟು ಮಾಡಿ ಕ್ಯಾಪ್ಚರ್ ಅಂತ ಇದನ್ನು ತಂದಿತು. ಈಗ ಅದೇ ಮಾದರಿಯ ಅಗ್ಗದವು ಬೇಕಾದಷ್ಟು ಸಿಗುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ಹಿಡಿಕೆ, ಎರಡು ಹೋಳು. ಅದನ್ನು ಬ್ಯಾಗಿನ ಹೆಗಲು ಪಟ್ಟಿಗೆ ಕಚ್ಚಿಸಿ ಸ್ಕ್ರೂ ಬಿಗಿಯುವುದು. ಕ್ಯಾಮೆರಾದ ತಳದಲ್ಲಿ ಟ್ರೈಪಾಡಿಗೆ ಅಂತ ಕಾಲಿಂಚಿನ ತೂತು ಇರುತ್ತದಲ್ಲ, ಅಲ್ಲಿಗೆ ಒಂದು ಚೌಕದ ಬಿಲ್ಲೆ ತಿರುಗಿಸುವುದು. ಆ ಬಿಲ್ಲೆಯನ್ನು ಮೇಲಿಂದ ಹಿಡಿಕೆಯೊಳಗೆ ಜಾರಿಸಿದರೆ ಟಕ್ ಅಂತ ಕೂರುತ್ತದೆ. ಗುಂಡಿ ಒತ್ತಿ ಎಳೆದರೆ ಕೈಗೆ ಬರುತ್ತದೆ. ಎರಡು ಸೆಕೆಂಡು. ನೋಡುವುದೇ ಬೇಡ. ಮನೆಗೆ ಬಂದ ಚಿಕ್ಕಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮನೆ ಕೊಕ್ಕೆನೇ ಅಲ್ದನಾ? ಇದಕ್ಕೆ ಇಷ್ಟು ದುಡ್ಡು ಕೊಟ್ಯಾ?" ಅಂದರು.

ಎಡ ಹೆಗಲಿನ ಪಟ್ಟಿಗೆ ಹಾಕಿ, ಬಲಗೈಯಲ್ಲಿ ಎಳೆಯಲು ಸುಲಭ. ಕತ್ತಿನ ಕೆಳಗಿನ ಮೂಳೆಗಿಂತ ನಾಲ್ಕು ಬೆರಳು ಕೆಳಗೆ ಇರಲಿ. ಇನ್ನೂ ಇಳಿಸಿದರೆ ಲೆನ್ಸು ಹೊಟ್ಟೆಗೆ ಕುಟ್ಟುತ್ತದೆ. ಎಡಗಡೆ ಭಾರ ಜಾಸ್ತಿ ಆಗುತ್ತದೆ, ಅದಕ್ಕೆ ಲೀಟರ್ ನೀರಿನ ಬಾಟಲಿ ಬಲ ಪಕ್ಕದ ಜೇಬಿಗೆ ಹೋಗಲಿ. ಮೊದಲು ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವ ಹಾಗೆ ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯ ಅಡ್ಡಪಟ್ಟಿ. ಇದನ್ನು ಉಲ್ಟಾ ಮಾಡಿದರೆ ಭಾರವೆಲ್ಲ ಹೆಗಲಲ್ಲೇ ಉಳಿದು ಸಂಜೆಗೆ ಕುತ್ತಿಗೆ ಲೆಕ್ಕ ಕೇಳುತ್ತದೆ. ಸೊಂಟಪಟ್ಟಿ ಇಲ್ಲದ ಕಾಲೇಜು ಬ್ಯಾಗಿಗೆ ಕ್ಲಿಪ್ ಹಾಕಿ ಪ್ರಯೋಜನವಿಲ್ಲ.

ಎಷ್ಟೇ ಬಿಗಿ ಮಾಡಿದರೂ ನಡೆಯುವ ಕುಲುಕಿಗೆ ಬಿಲ್ಲೆಯ ಸ್ಕ್ರೂ ಸಡಿಲವಾಗುತ್ತದೆ. ನಾನು ನಿಂತಲ್ಲೆಲ್ಲ ಕಾಲಿಗೆ ಉಂಬಳ ಹತ್ತಿದೆಯಾ ನೋಡುವಾಗ ಹಾಗೇ ಅದನ್ನೂ ಒಮ್ಮೆ ತಿರುಗಿಸಿ ನೋಡುತ್ತೇನೆ. ಮೇಲಿಂದ ಒಂದು ತೆಳು ದಾರವನ್ನು ಕ್ಯಾಮೆರಾದ ಕಿವಿಯಿಂದ ಬ್ಯಾಗಿನ ಬಳೆಗೆ ಕಟ್ಟಿರುತ್ತೇನೆ, ಕೊಕ್ಕೆ ಕೈಕೊಟ್ಟರೂ ಕ್ಯಾಮೆರಾ ಕಣಿವೆಗೆ ಹೋಗದಿರಲಿ ಅಂತ. ಇನ್ನೊಂದು, ಸುಸ್ತಾಗಿ ಬ್ಯಾಗು ಇಳಿಸುವ ಮೊದಲು ಕ್ಯಾಮೆರಾ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಬ್ಯಾಗು ಧೊಪ್ಪೆಂದು ಕೂರುವಾಗ ನೆಲಕ್ಕೆ ಮೊದಲು ತಾಗುವುದು ಅದೇ.

2018ರ ಡಿಸೆಂಬರಿನಲ್ಲಿ ಈ ಕೊಕ್ಕೆ ಕಟ್ಟಿಕೊಂಡು ಕುಮಾರ ಪರ್ವತಕ್ಕೆ ಹೋದೆವು, ಅದೇ ಭಾವ ಮತ್ತು ನಾನು. 1712 ಮೀಟರ್ ಎತ್ತರ. ಎತ್ತರ ದೊಡ್ಡದಲ್ಲ, ಆದರೆ ಕುಕ್ಕೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರು ಕಾಲಲ್ಲೇ ಏರಬೇಕು. ಮನೆಯಲ್ಲಿ ಹೇಳಿ ಬಂದಿದ್ದೆ, ಕೈ ಮತ್ತೆ ಜೋಮು ಹಿಡಿದರೆ ಕ್ಯಾಮೆರಾ ಮಾರಿಬಿಡುತ್ತೇನೆ ಅಂತ. ಗಿರಿಗದ್ದೆ ದಾಟುವವರೆಗೂ ನಿಮಿಷಕ್ಕೊಮ್ಮೆ ಹೆಬ್ಬೆರಳು ಉಜ್ಜಿ ನೋಡುತ್ತಿದ್ದೆ. ಕಲ್ಲು ಮಂಟಪದ ಹೊತ್ತಿಗೆ ಉಜ್ಜುವುದು ಮರೆತುಹೋಯಿತು. ಶೇಷ ಪರ್ವತದ ಹತ್ತಿರ ಮಂಜು ಸರಿದು ಒಂದೇ ಕ್ಷಣ ಬೆಟ್ಟದ ಏಣು ಪೂರ್ತಿ ಕಂಡಿತು, ಆ ಕ್ಷಣ ಈಗ ನನ್ನ ಬಳಿ ಇದೆ.

ಶೇಷ ಪರ್ವತ ದಾಟಿ ಶೋಲಾ ಕಾಡಿನೊಳಗೆ ಇಳಿದು ಮತ್ತೆ ತುದಿಗೆ ಏರುವಲ್ಲಿ ನೀರು ಜಿನುಗುವ ಒಂದು ಬಂಡೆ ಇದೆ, ಹೋದವರಿಗೆ ಗೊತ್ತು. ಹತ್ತಿದ್ದು ಸುಲಭ. ವಾಪಸ್ ಬರುವಾಗ ನಾನು ಕೆಳಗಿದ್ದೆ, ಭಾವ ಮೇಲೆ. ಅವನ ಎಡಗಾಲಿನ ಶೂ ಪಾಚಿಯ ಮೇಲೆ ಜಾರಿತು. ಕೂತಂತೆ ಜಾರಿ ಬಂದ, ನನ್ನ ಪಕ್ಕದಿಂದಲೇ. ನಾನೇನು ಯೋಚನೆ ಮಾಡಿ ಮಾಡಿದ್ದಲ್ಲ, ಬಲಗೈ ಒಂದು ಬೇರು ಹಿಡಿದಿತ್ತು, ಎಡಗೈ ಅವನ ಬ್ಯಾಗಿನ ಪಟ್ಟಿಗೆ ಹೋಯಿತು. ಇಬ್ಬರೂ ಒಂದು ಮಾರು ಜಗ್ಗಿ ನಿಂತೆವು. ಹೆಬ್ಬೆರಳು, ತೋರುಬೆರಳು ಅವನ ಎಪ್ಪತ್ತು ಕಿಲೋವನ್ನು ಹಿಡಿದಿದ್ದವು. ಕ್ಯಾಮೆರಾ ಎದೆಯಲ್ಲಿ ಸುಮ್ಮನಿತ್ತು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನ ಮೊಣಕೈ ತರಚಿತ್ತು, ಅಷ್ಟೇ. ಕಾಡು ದಾಟಿ ಹುಲ್ಲಿಗೆ ಬಂದ ಮೇಲೆ ಕಿತ್ತಳೆ ಸುಲಿಯುತ್ತಾ ಕೇಳಿದ: "ಕ್ಯಾಮೆರಾ ಕೈಯಲ್ಲಿ ಇದ್ದಿದ್ರೆ ಯಾವುದ್ನ ಬಿಡ್ತಿದ್ದೆ ಭಾವಾ?" ನಾನು ಕಿತ್ತಳೆ ಎಷ್ಟು ಸಿಹಿ ಇದೆ ಅಂತ ಹೇಳಿದೆ.

ಎಲ್ಲದಕ್ಕೂ ಬೇರೆಯವರ ಬೆನ್ನು ಸಿಗುವ ಕಾಲವೂ ಇತ್ತು. ಸ್ಯಾಮ್ಯುಯಲ್ ಬೋರ್ನ್ ಅನ್ನುವ ಇಂಗ್ಲಿಷ್ ಫೋಟೋಗ್ರಾಫರ್ 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆ ದಾರಿಯಲ್ಲಿ, 18,600 ಅಡಿ ಎತ್ತರದಲ್ಲಿ ಫೋಟೋ ತೆಗೆದ. ಗಾಜಿನ ಪ್ಲೇಟು, ರಾಸಾಯನಿಕ, ಕತ್ತಲೆ ಡೇರೆ ಎಲ್ಲ ಹೊತ್ತದ್ದು ಹತ್ತಾರು ಕೂಲಿಯಾಳುಗಳು. ಅವರ ಹೆಸರು ಯಾವ ಫೋಟೋದ ಕೆಳಗೂ ಇಲ್ಲ. ಅದಕ್ಕಿಂತ ನನಗೆ ಆನ್ಸೆಲ್ ಆಡಮ್ಸ್ ಹತ್ತಿರದವನು. 1927ರ ಏಪ್ರಿಲಿನಲ್ಲಿ ಯೋಸೆಮಿಟಿಯ ಹಾಫ್ ಡೋಮ್ ಬಂಡೆಯ ಫೋಟೋಕ್ಕಾಗಿ ದೊಡ್ಡ ಕ್ಯಾಮೆರಾ, ಹನ್ನೆರಡು ಗಾಜಿನ ಪ್ಲೇಟು, ಟ್ರೈಪಾಡು, ಸುಮಾರು 18 ಕಿಲೋ ತಾನೇ ಹೊತ್ತು ಹಿಮದಲ್ಲಿ ಏರಿದ. ಅಲ್ಲಿ ತಲುಪಿದಾಗ ಉಳಿದದ್ದು ಎರಡೇ ಪ್ಲೇಟು. ಅವನ ಹೆಸರು ಮಾಡಿದ ಫೋಟೋ ಬಂದದ್ದು ಕೊನೆಯ ಪ್ಲೇಟಿನಲ್ಲಿ. ನಮ್ಮ ಮೆಮೊರಿ ಕಾರ್ಡಿನಲ್ಲಿ ಸಾವಿರ ಹಿಡಿಯುತ್ತದೆ, ಬರುವುದು ಖಾಲಿ ಆಕಾಶ.

ಮಳೆಗಾಲದ ವಿಷಯ ಒಂದು ಬಾಕಿ ಇದೆ. ಬ್ಯಾಗಿಗೆ ಹಾಕುವ ಮಳೆ ಹೊದಿಕೆ ಬೆನ್ನನ್ನು ಮುಚ್ಚುತ್ತದೆ, ಎದೆಯಲ್ಲಿರುವ ಕ್ಯಾಮೆರಾವನ್ನಲ್ಲ. ಸಣ್ಣ ಹನಿಗೆ ಹೋಟೆಲಿನಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಟೋಪಿ ಸಾಕು, ಕ್ಯಾಮೆರಾ ಮೇಲೆ ಸರಿಯಾಗಿ ಕೂರುತ್ತದೆ. ಜುಲೈ ತಿಂಗಳ ಮಲೆನಾಡು ಮಳೆಗೆ ಯಾವ ಟೋಪಿಯೂ ಸಾಲದು, ನೀರು ಹೋಗದ ಚೀಲದಲ್ಲಿ ಕಟ್ಟಿ ಒಳಗಿಡಬೇಕು. ಮನೆಗೆ ಬಂದ ಮೇಲೆ ಒರೆಸಿ, ಗಾಳಿಗಿಟ್ಟು, ಆಮೇಲೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗೆ. ಇಲ್ಲದಿದ್ದರೆ ಲೆನ್ಸಿನೊಳಗೆ ಬೂಷ್ಟು ಬರುತ್ತದೆ, ಊರಲ್ಲಿ ಉಪ್ಪಿನಕಾಯಿಗೆ ಬಂದ ಹಾಗೆ.

ನನ್ನ ಕ್ಯಾಮೆರಾಕ್ಕೂ ವಯಸ್ಸಾಯಿತು. ಮಿರರ್‌ಲೆಸ್ ತಗೋ, ಹಗುರ ಅಂತ ಎಲ್ಲರ ಸಲಹೆ. ನೋಡಿದ್ದೇನೆ, ಬಾಡಿ ಹಗುರ ಹೌದು, ಒಳ್ಳೆಯ ಲೆನ್ಸು ಹಾಕಿದರೆ ಕಿರಾಣಿ ತಕ್ಕಡಿಯಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಸದ್ಯಕ್ಕೆ ಇದೇ ಇರಲಿ. ಮುಂದಿನ ಚಳಿಗೆ ನರಸಿಂಹ ಪರ್ವತಕ್ಕೆ ಹೋಗುವ ಮಾತಾಗಿದೆ. ಭಾವನ ಹುಟ್ಟುಹಬ್ಬಕ್ಕೆ ಅವನಿಗೂ ಒಂದು ಕೊಕ್ಕೆ ತಂದುಕೊಟ್ಟೆ. ಅವನ ಹತ್ತಿರ ಕ್ಯಾಮೆರಾ ಇಲ್ಲ, ತಗೊಳ್ಳುವ ಯೋಚನೆಯೂ ಇಲ್ಲ. ಕಿತ್ತಳೆ ಹಣ್ಣಿನ ಚೀಲ ನೇತುಹಾಕುತ್ತಾನಂತೆ.